ಹಳೆ ಬಣ್ಣ ಕೆರೆಯುವ ಮುನ್ನ

ಮುಂಬೈನ ಡೋಂಗ್ರಿ ಕಡೆಯ ಚಾಳ್‌ನಲ್ಲೋ ಹೈದರಾಬಾದಿನ ಹಳೆ ಪೇಟೆಯಲ್ಲೋ ನಿಮ್ಮ ಮನೆ ಇದ್ದರೆ ಅದರ ಮರದ ಕಿಟಕಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಪೇಂಟ್ ಎದ್ದು ಬಂದ ಕಡೆ ಪದರಗಳು ಕಾಣುತ್ತವೆ. ಮೇಲೆ ಕಂದು, ಅದರಡಿ ಹಸಿರು, ಅದರಡಿ ಕೆನೆಬಣ್ಣ. ಉಗುರಲ್ಲಿ ಕೀಳಬೇಡಿ, ನೋಡಿದರೆ ಸಾಕು. ಕಟ್ಟಡ ಎಷ್ಟು ಹಳೆಯದೋ ಅದರ ಕೆಳಪದರಗಳಲ್ಲಿ ಸೀಸ ಇರುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಮದುವೆಯೋ ರಮಝಾನೋ ಹತ್ತಿರ ಬಂದಾಗ ಪೇಂಟರನ್ನು ಕರೆದು, "ಹಳೇದೆಲ್ಲ ಕೆರೆದು ತೆಗೆದು ನೀಟಾಗಿ ಹೊಡಿಯಪ್ಪ" ಅಂತೀವಲ್ಲ, ಅಪಾಯ ಶುರುವಾಗೋದು ಆ ಮಾತಿನಿಂದ.

ಪೇಂಟಿಗೆ ಸೀಸ ಯಾಕೆ ಬಂತು? ಸೀಸದ ಪಟ್ಟಿಗಳನ್ನು ವಿನಿಗರ್ ಇರುವ ಮಡಕೆಗಳಲ್ಲಿಟ್ಟು, ಆ ಮಡಕೆಗಳನ್ನು ಸಗಣಿ-ಗೊಬ್ಬರದ ಕಾವಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟರೆ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅರಬಿ ವೈದ್ಯಗ್ರಂಥಗಳು ಇದನ್ನು ಇಸ್ಫೀದಾಜ್ ಎಂದವು. ನಮ್ಮ ಕಡೆ ಇದು ಸಫೇದಾ ಆಯಿತು. ಮೊಘಲ್ ಚಿತ್ರಕಾರರ ಬಿಳಿಯೂ ಇದೇ. ಅಗಸೆ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಮರವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮಳೆ ತಡೆಯುತ್ತದೆ, ಒಂದೇ ಕೈಗೆ ಕೆಳಗಿನ ಬಣ್ಣ ಮುಚ್ಚುತ್ತದೆ. ಕಬ್ಬಿಣದ ಗ್ರಿಲ್ಲು, ತೊಲೆಗಳಿಗೆ ತುಕ್ಕು ಹಿಡಿಯದಂತೆ ಸೀಸದ ಸಿಂಧೂರ ಬಳಿಯುತ್ತಿದ್ದರು. ಹಳೆಯ ಬಿಳಿ ಆಯಿಲ್ ಪೇಂಟಿನಲ್ಲಿ ಒಣಗಿದ ಮೇಲೆ ತೂಕದ ಅರ್ಧದಷ್ಟು ಸೀಸವೇ ಇದ್ದದ್ದುಂಟು. ಬರೀ ಸುಣ್ಣ ಬಳಿದ ಗೋಡೆಗೆ ಈ ಹೆದರಿಕೆ ಬೇಕಿಲ್ಲ. ಅನುಮಾನ ಇರಬೇಕಾದ್ದು ಮರ, ಕಬ್ಬಿಣದ ಮೇಲಿನ ಎಣ್ಣೆಬಣ್ಣದ ಮೇಲೆ.

ಸೀಸ ವಿಷ ಎಂಬುದು ಹೊಸ ಶೋಧವಲ್ಲ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಸೀಸದ ಕೆಲಸಗಾರರ ಬಿಳಿಚಿದ ಮುಖ ನೋಡಿ ಎಂದು ಬರೆದಿದ್ದ. ಲಂಡನ್ನಿನ ಸಫೇದಾ ಕಾರ್ಖಾನೆಗಳಲ್ಲಿ ದುಡಿದು ಕಾಯಿಲೆ ಬಿದ್ದ ಬಡ ಹೆಂಗಸರ ಬಗ್ಗೆ 1860ರ ದಶಕದಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ. ಆದರೆ ಆಗಿನವರು ಅದನ್ನು ಕೂಲಿಕಾರರ ಕಾಯಿಲೆ ಅಂದುಕೊಂಡು ಸುಮ್ಮನಾದರು. ಮನೆಯೊಳಗೆ ಆಡುವ ಮಗುವಿಗೂ ಅದು ತಗಲುತ್ತದೆ ಎಂದು ತೋರಿಸಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರ.

ಅಲ್ಲಿನ ಮನೆಗಳು ಮರದವು, ಸುತ್ತ ಅಗಲವಾದ ಜಗಲಿ, ಜಗಲಿಗೆ ಬಣ್ಣದ ಕಟಕಟೆ. 1890ರ ದಶಕದಲ್ಲಿ ಮಕ್ಕಳ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು: ಹೊಟ್ಟೆನೋವು, ಸ್ವಾಧೀನ ತಪ್ಪಿ ಜೋಲುವ ಪಾದ, ಮಂದವಾಗುವ ಕಣ್ಣು. ಸೀಸದ ವಿಷ ಎಂದು ವೈದ್ಯರಿಗೆ ಗೊತ್ತಾಯಿತು, ಎಲ್ಲಿಂದ ಎಂಬುದು ಗೊತ್ತಾಗಲಿಲ್ಲ. ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಬೆರಳು ತೋರಿಸಿದ್ದು ಆ ಕಟಕಟೆಯ ಕಡೆಗೆ. ಬಿಸಿಲಿಗೆ ಪೇಂಟ್ ಪುಡಿಯಾಗುತ್ತದೆ, ಪುಡಿ ಕೈಗೆ ಅಂಟುತ್ತದೆ, ಉಗುರು ಕಚ್ಚುವ, ಬೆರಳು ಚೀಪುವ ಮಗುವಿನ ಹೊಟ್ಟೆಗೆ ಹೋಗುತ್ತದೆ. ಎಷ್ಟೋ ಮಂದಿ ನಂಬಲಿಲ್ಲ. 1922ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮಕ್ಕಳ ಕೈಗೆಟುಕುವ ಕಡೆ ಸೀಸದ ಪೇಂಟ್ ನಿಷೇಧಿಸಿತು. ಅದರ ಹಿಂದಿನ ವರ್ಷವೇ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಕಟ್ಟಡದ ಒಳಗೆ ಸಫೇದಾ ಬಳಸಬಾರದೆಂಬ ಒಪ್ಪಂದ ತಂದಿತ್ತು. ಅಮೆರಿಕ ಮಾತ್ರ ಮನೆ ಪೇಂಟಿನಿಂದ ಸೀಸ ತೆಗೆಸಿದ್ದು 1978ರಲ್ಲಿ. ಅದಕ್ಕೂ ಮುಂಚೆ ಅಲ್ಲಿನ ಕಂಪೆನಿಗಳು ಮಕ್ಕಳ ಚಿತ್ರ ಹಾಕಿಯೇ ಸೀಸದ ಪೇಂಟ್ ಮಾರಿದವು. ಮಾರುಕಟ್ಟೆಗೆ ನಾಚಿಕೆ ಇಲ್ಲ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ನಮಗೆ ಮುಖ್ಯವಾದದ್ದು ಬಾಲ್ಟಿಮೋರಿನ ಪಾಠ. ಹಳೆ ಮನೆಗಳೇ ತುಂಬಿದ ಆ ಊರಿನಲ್ಲಿ ಸೀಸ ಏರಿದ ಮಕ್ಕಳ ಮನೆಗಳ ಪೇಂಟನ್ನು ಕಾನೂನಿನಂತೆ ಕೆರೆಸುತ್ತಿದ್ದರು. ಬೆಂಕಿಯುಗುಳುವ ಟಾರ್ಚ್ ಹಿಡಿದು ಸುಡುವುದು, ಒಣದಾಗಿ ಉಜ್ಜುವುದು, ಆಮೇಲೆ ಗುಡಿಸುವುದು. ಮಾರ್ಕ್ ಫಾರ್ಫೆಲ್, ಜೂಲಿಯನ್ ಚಿಸೋಮ್ ಎಂಬ ಇಬ್ಬರು ಸಂಶೋಧಕರು ಕೆಲಸದ ಮುಂಚೆ, ಕೆಲಸದ ನಂತರ ನೆಲದ ಧೂಳನ್ನು ಅಳೆದು ನೋಡಿದರು. 1990ರಲ್ಲಿ ಪ್ರಕಟವಾದ ಅವರ ವರದಿ ಹೇಳಿದ್ದು: ರಿಪೇರಿ ಆದ ಮೇಲೆ ಧೂಳಿನಲ್ಲಿ ಸೀಸ ಅನೇಕ ಪಟ್ಟು ಹೆಚ್ಚಿತ್ತು, ಮನೆಗೆ ಮರಳಿದ ಮಕ್ಕಳ ರಕ್ತದಲ್ಲೂ ಏರಿತ್ತು. ಮಗುವನ್ನು ಉಳಿಸಲು ಮಾಡಿದ ಕೆಲಸವೇ ಮಗುವಿಗೆ ಮುಳುವಾಗಿತ್ತು. ಗೋಡೆಯಲ್ಲಿ ಗಟ್ಟಿಯಾಗಿ ಕೂತ ಬಣ್ಣಕ್ಕಿಂತ ಗಾಳಿಗೆದ್ದ ಬಣ್ಣ ಕೆಟ್ಟದ್ದು. 2010ರಿಂದ ಅಮೆರಿಕದಲ್ಲಿ 1978ಕ್ಕೂ ಹಳೆಯ ಮನೆಗೆ ಕೂಲಿಗೆ ಕೈ ಹಾಕುವವರು ತರಬೇತಿ ಪಡೆದಿರಬೇಕು, ಬೆಂಕಿಯಿಂದ ಸುಡುವಂತಿಲ್ಲ.

ಪೇಂಟ್ ಅಲ್ಲದಿದ್ದರೂ ಪ್ಯಾರಿಸಿನ ನೋಟ್ರ ಡಾಮ್ ಚರ್ಚಿನ ಕಥೆ ಇದೇ ಜಾತಿಯದು. 2019ರ ಏಪ್ರಿಲ್ ಬೆಂಕಿಯಲ್ಲಿ ಛಾವಣಿಯ ನೂರಾರು ಟನ್ ಸೀಸ ಕರಗಿತು. ಜುಲೈನಲ್ಲಿ ಕೆಲಸವನ್ನೇ ನಿಲ್ಲಿಸಿದರು. ಮತ್ತೆ ಶುರುವಾದಾಗ ಕಾರ್ಮಿಕರು ಬಟ್ಟೆ ಪೂರ್ತಿ ಬದಲಿಸಿ, ಹೊರಗೆ ಹೋಗುವಾಗ ಸ್ನಾನ ಮಾಡಲೇಬೇಕಿತ್ತು. ನಮ್ಮ ಪೇಂಟರ್ ಹುಡುಗ ಅದೇ ಅಂಗಿಯಲ್ಲಿ ಲೋಕಲ್ ಹತ್ತಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ ಈ ಲೆಕ್ಕ ಶುರುವಾದದ್ದು ಬೆಂಗಳೂರಿನಿಂದ. 1990ರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿದಾಗ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಆಗ ಪೆಟ್ರೋಲಿನ ಸೀಸವೂ ಸೇರಿತ್ತು ಅನ್ನಿ. ಈಗ ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೇ ಮೂಲ ಹುಡುಕಿ ಎನ್ನುತ್ತದೆ. ಪೇಂಟಿನ ಮೇಲಿನ ಕಡ್ಡಾಯ ಮಿತಿ ಬಂದದ್ದು 2016ರ ನಿಯಮದಲ್ಲಿ: ಹತ್ತು ಲಕ್ಷ ಭಾಗಕ್ಕೆ 90. ಜಾರಿ 2017ರ ನವೆಂಬರಿನಿಂದ. ಅದಕ್ಕೆ ಮುಂಚಿನ ಆಯಿಲ್ ಪೇಂಟು, ಅದರಲ್ಲೂ ಹಳದಿ, ಅನುಮಾನದ್ದೇ. ಆ ನಿಯಮ ಹೊಸ ಡಬ್ಬಿಗೆ ಮಾತ್ರ, ನಿಮ್ಮ ಕಿಟಕಿಗಲ್ಲ.

ಹಾಗಾದರೆ ಹಳೆ ಬಾಗಿಲನ್ನು ಗುಜರಿಗೆ ಹಾಕಬೇಕಾ? ಬೇಡ. ಆ ಸಾಗುವಾನಿ ಮತ್ತೆ ಸಿಗುವುದಿಲ್ಲ, ಆ ಪದರಗಳೂ ಮನೆಯ ಚರಿತ್ರೆಯೇ. ಗಟ್ಟಿಯಾಗಿರುವ ಬಣ್ಣವನ್ನು ಕೆರೆಯದೆ, ಮೇಲೆ ಹೊಸದು ಹೊಡೆಸಿ. ಉಜ್ಜಿಕೊಂಡು ತೆರೆದು ಮುಚ್ಚುವ ಅಂಚುಗಳು, ಸಿಪ್ಪೆ ಎದ್ದ ಜಾಗ, ಅಷ್ಟಕ್ಕೆ ಮಾತ್ರ ಕೈ ಹಾಕಿಸಿ. ಅಲ್ಲಿ ನೀರು ಚಿಮುಕಿಸಿ ವಾಟರ್ ಪೇಪರ್‌ನಲ್ಲಿ ಉಜ್ಜಲಿ. ಮೆಷಿನ್ನೂ ಬೇಡ, ಬೆಂಕಿಯೂ ಬೇಡ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಮುಗಿದ ಮೇಲೆ ಒಳಮುಖವಾಗಿ ಸುತ್ತಿ ಕಟ್ಟಿ. ಪೊರಕೆ ಮುಟ್ಟಬೇಡಿ, ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ಬೇರೆ ನೀರಿನಲ್ಲಿ ಒರೆಸಿ. ಮಕ್ಕಳು, ಬಸುರಿ ಹೆಂಗಸರು ಅಷ್ಟು ದಿನ ಬೇರೆ ಕಡೆ ಇರಲಿ. ದೊಡ್ಡವರಿಗೆ ಹೋಲಿಸಿದರೆ ಮಗುವಿನ ಮೈ ನುಂಗಿದ ಸೀಸವನ್ನು 4-5 ಪಟ್ಟು ಹೀರುತ್ತದೆ. ಮದ್ರಸ, ಶಾಲೆಗಳ ಕೆಲಸವನ್ನು ರಜೆಯಲ್ಲೇ ಇಟ್ಟುಕೊಳ್ಳುವುದು ಕಮಿಟಿಯವರಿಗೆ ಕಷ್ಟವಲ್ಲ.

ಮೂಗಿಗೆ ಕಟ್ಟಿದ ಕರ್ಚೀಫ್ ಈ ಧೂಳನ್ನು ತಡೆಯುವುದಿಲ್ಲ. ಪೇಂಟರಿಗೆ ಸರಿಯಾದ ಮಾಸ್ಕ್, ಕೈ ತೊಳೆಯಲು ಸೋಪು, ಬಟ್ಟೆ ಬದಲಿಸಲು ಒಂದು ಮೂಲೆ ಕೊಡಬೇಕಾದವರು ಕೆಲಸ ಮಾಡಿಸುವ ನಾವು. ವರ್ಷಗಟ್ಟಲೆ ಇದೇ ಕೆಲಸದಲ್ಲಿದ್ದವರು, ಕೆರೆದ ಮನೆಯಲ್ಲೇ ಮಲಗಿದ ಮಕ್ಕಳು ಒಮ್ಮೆ ರಕ್ತದ ಸೀಸ ಪರೀಕ್ಷೆ ಮಾಡಿಸಲಿ. ದೊಡ್ಡ ಊರುಗಳ ಲ್ಯಾಬುಗಳಲ್ಲಿ ಆಗುತ್ತದೆ, ಕೈಯ ನರದಿಂದ ಸ್ವಲ್ಪ ರಕ್ತ ತೆಗೆದರೆ ಸಾಕು.