ನಿಲ್ಲದ ನೆತ್ತರು: ಒಂದು ವಿರಳ ವ್ಯಾಧಿ ಮತ್ತು ನಾಡನುಡಿಯ ಅರಿವು

ತುಮಕೂರು ತಾಲ್ಲೂಕಿನ ಬೆಳ್ಳಾವಿಯ ಹೆಸರನ್ನು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಉಳಿಸಿದವರು ಬೆಳ್ಳಾವೆ ವೆಂಕಟನಾರಣಪ್ಪನವರು (1872–1943). ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಆನುವಂಶಿಕ ರಕ್ತಸ್ರಾವದ ಒಂದು ವಿರಳ ವ್ಯಾಧಿಯನ್ನು ವಿವರಿಸಿದನು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ವಿಜ್ಞಾನವು ನಾಡನುಡಿಯಲ್ಲಿ ಮನೆಯ ಹೊಸ್ತಿಲಿಗೆ ಬರಬೇಕೆಂಬ ಹಂಬಲದ ಅಗತ್ಯವನ್ನು ಈ ವ್ಯಾಧಿಯಷ್ಟು ತೀವ್ರವಾಗಿ ತೋರಿಸುವ ನಿದರ್ಶನಗಳು ಕಡಿಮೆ.

ಇಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸಾಮಾನ್ಯವಾಗಿಯೇ ಇರುತ್ತದೆ. ಅವುಗಳನ್ನು ಒಂದಕ್ಕೊಂದು ಬೆಸೆಯಬೇಕಾದ ಮೇಲ್ಮೈ ಪ್ರೋಟೀನು ಇಲ್ಲದಿರುವುದರಿಂದ ಅಥವಾ ಕೆಟ್ಟಿರುವುದರಿಂದ ಅವು ಗುಂಪುಗೂಡುವುದಿಲ್ಲ. ಕನ್ನಡದಲ್ಲಿ ‘ಕುಸುಮ ರೋಗ’ವೆನಿಸಿದ ಹಿಮೋಫಿಲಿಯಾ ಬಹುಮಟ್ಟಿಗೆ ಗಂಡುಮಕ್ಕಳನ್ನು ಬಾಧಿಸಿದರೆ, ಇದು ಹೆಣ್ಣು ಗಂಡೆನ್ನದೆ ಬರುತ್ತದೆ. ದೋಷಯುತ ಜೀನು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೆ ಅಥವಾ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯುಳ್ಳ ಸಮುದಾಯಗಳಲ್ಲಿ ಈ ಸಂಭವ ಹೆಚ್ಚುತ್ತದೆ. ಹೆತ್ತವಳೊಬ್ಬಳ ಮೇಲೆಯೇ ದೋಷ ಹೊರಿಸುವ ರೂಢಿಗೆ ಆಧಾರವಿಲ್ಲ.

ಗಾಯಕ್ಕೆ ಅರಿಶಿನವೊತ್ತಿ ಬಟ್ಟೆ ಬಿಗಿಯುವ ಜನಪದ ಪದ್ಧತಿಯಲ್ಲಿ ಒತ್ತಡದ ಅಂಶವಾದರೂ ಸಾಧುವಾದುದೇ. ಅಪಾಯವಿರುವುದು ಕಾಣದ ಸ್ರಾವದಲ್ಲಿ. ಮೈನೆರೆದ ಹುಡುಗಿಯನ್ನು ಸೊಪ್ಪಿನ ಗುಡ್ಲಿನಲ್ಲಿ ಕೂರಿಸುವ ಆಚರಣೆ ಹಳೆಯ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿತ್ತು. ಹಾಡು, ಆರತಿ, ಸಿಹಿಯೂಟಗಳ ಆ ದಿನಗಳು ಜಾನಪದ ಅಧ್ಯಯನಕ್ಕೆ ಸಮೃದ್ಧ ಆಕರ. ಆದರೆ ಈ ವ್ಯಾಧಿಯಿರುವ ಹುಡುಗಿಗೆ ಮೊದಲ ಮುಟ್ಟೇ ಪ್ರಾಣಾಂತಿಕವಾಗಬಲ್ಲದು. ಮರೆಯಲ್ಲಿ ಕುಳಿತವಳ ಸ್ರಾವದ ಪ್ರಮಾಣವನ್ನು ಯಾರೂ ಅಳೆಯರು. ಹಾಡುಗಳನ್ನು ಸಂಗ್ರಹಿಸಿದ ವಿದ್ವಾಂಸರೂ ಈ ಪ್ರಶ್ನೆಯನ್ನು ಕೇಳಬೇಕಾಗಿತ್ತು.

ಒತ್ತಡ ಮತ್ತು ಟ್ರಾನೆಕ್ಸಾಮಿಕ್ ಆಮ್ಲಕ್ಕೆ ಸ್ರಾವ ನಿಲ್ಲದಿದ್ದರೆ ಪ್ಲೇಟ್‌ಲೆಟ್ ಪೂರಣವೇ ಮುಖ್ಯ ಉಪಾಯ. ವಿಪರ್ಯಾಸವೆಂದರೆ, ಪದೇ ಪದೇ ಪೂರಣವಾದಂತೆ ಕೆಲವರ ದೇಹವು ಪ್ರತಿಕಾಯಗಳನ್ನು ಬೆಳೆಸಿಕೊಂಡು ದಾನದ ಪ್ಲೇಟ್‌ಲೆಟ್‌ಗಳನ್ನೇ ನಾಶಮಾಡುತ್ತದೆ. ಇಂಥವರಿಗಾಗಿ ಪುನಸ್ಸಂಯೋಜಿತ ಏಳನೆಯ ಘಟಕದ ಸಕ್ರಿಯ ರೂಪವನ್ನು ಯುರೋಪು 2004ರಲ್ಲಿ, ಅಮೆರಿಕವು 2014ರಲ್ಲಿ ಅಂಗೀಕರಿಸಿದವು. ಇದರ ಪರಿಣಾಮ ಕೆಲವೇ ಗಂಟೆಗಳದು. ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಡಬೇಕು, ಬೆಲೆಯೂ ದುಬಾರಿ.

ಅದನ್ನೂ ಮೀರಿದ ತೀವ್ರ ಪ್ರಕರಣಗಳಲ್ಲಿ ಅಸ್ಥಿಮಜ್ಜೆಯ ಕಸಿ ಉಳಿಯುತ್ತದೆ. ಅದಕ್ಕೆ ಹೊಂದುವ ದಾನಿಯನ್ನು ಮೊದಲು ಹುಡುಕುವುದು ಒಡಹುಟ್ಟಿದವರಲ್ಲಿಯೇ. ದೋಷಯುತ ಜೀನಿನ ಒಂದು ಪ್ರತಿಯನ್ನು ಹೊತ್ತೂ ಆರೋಗ್ಯವಂತನಾಗಿರುವ ಅಣ್ಣನೋ ತಂಗಿಯೋ ದಾನಿಯಾಗಬಲ್ಲರು.