ಐವತ್ತು ಪದಗಳ ಉಕ್ತಲೇಖನ

ಭಾಷೆ ಮನಸ್ಸುಗಳನ್ನು ಬೆಸೆಯುತ್ತದೆ ಎಂದು ಸಾಹಿತ್ಯಾಸಕ್ತರಾದ ನಾವು ಆಗಾಗ ಹೇಳಿಕೊಳ್ಳುವುದುಂಟು. ಅದೇ ಭಾಷೆಯನ್ನು ಬಾಗಿಲಿಗೆ ಅಗುಳಿಯಾಗಿ ಹಾಕಿಕೊಂಡ ದೇಶದಲ್ಲಿ ನಾವಿಂದು ಬಾಳುತ್ತಿದ್ದೇವೆ.

1901ರ ಜನವರಿ 1ರಂದು ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಂದು ಒಕ್ಕೂಟವಾಯಿತು. ಆಗಿನ ಜನಸಂಖ್ಯೆ ಸುಮಾರು 38 ಲಕ್ಷ. ಹೊಸ ಸಂಸತ್ತು ಅದೇ ವರ್ಷ ವಲಸೆ ನಿರ್ಬಂಧ ಕಾಯಿದೆಯನ್ನು ತಂದಿತು. ದೇಶವನ್ನು ಬಿಳಿಯರದ್ದಾಗಿಯೇ ಉಳಿಸಿಕೊಳ್ಳುವುದು ಅದರ ಉದ್ದೇಶ. ಆದರೆ ಹಾಗೆಂದು ಬಾಯಿಬಿಟ್ಟು ಬರೆಯುವುದು ಲಂಡನ್ನಿನ ಸರ್ಕಾರಕ್ಕೆ ಬೇಕಿರಲಿಲ್ಲ. ಭಾರತೀಯರೂ ಅದೇ ಸಾಮ್ರಾಜ್ಯದ ಪ್ರಜೆಗಳಲ್ಲವೇ? ಆಗ ಕೈಹಿಡಿದದ್ದು ದಕ್ಷಿಣ ಆಫ್ರಿಕಾದ ನೇಟಾಲ್ ತೋರಿಸಿದ ಉಪಾಯ. ಗಾಂಧೀಜಿ ಅಲ್ಲಿದ್ದ ಕಾಲದಲ್ಲೇ, 1897ರಲ್ಲಿ, ಭಾರತೀಯರನ್ನು ತಡೆಯಲು ಅಲ್ಲಿ ಭಾಷಾ ಪರೀಕ್ಷೆ ಬಂದಿತ್ತು.

ಇಲ್ಲಿ ಅದು ಉಕ್ತಲೇಖನವಾಯಿತು. ಅಧಿಕಾರಿ ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ 50 ಪದಗಳನ್ನು ಓದಿ ಹೇಳುವುದು, ಹಡಗಿಳಿದವನು ಬರೆದು ತೋರಿಸುವುದು. ಯಾವ ಭಾಷೆ ಎಂಬುದು ಅಧಿಕಾರಿಯ ಮರ್ಜಿ. ಇಂಗ್ಲಿಷ್ ಬಲ್ಲವನಿಗೆ ಫ್ರೆಂಚ್, ಅದೂ ಬಂದರೆ ಇನ್ನೊಂದು! 1909ರ ನಂತರ ಒಬ್ಬರೂ ಇದರಲ್ಲಿ ಪಾಸಾಗಲಿಲ್ಲ.

1934ರಲ್ಲಿ ಪ್ರಾಗ್ ಮೂಲದ ಪತ್ರಕರ್ತ ಎಗಾನ್ ಕಿಶ್ ಬಂದಾಗ ಈ ನಾಟಕ ಬಯಲಾಯಿತು. ಬಿಳಿಯನೇ, ಆದರೆ ಎಡಪಂಥೀಯ, ಸರ್ಕಾರಕ್ಕೆ ಬೇಡವಾದವನು. ಹಲವು ಭಾಷೆ ಬಲ್ಲ ಆತನಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟರು. ಕಾಯಿದೆಯ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯೇ ಅಲ್ಲವೆಂದು ಹೈಕೋರ್ಟ್ ತೀರ್ಪಿತ್ತಿತು. ಹಾಸ್ಯಾಸ್ಪದವಾದರೂ ಪರೀಕ್ಷೆ ಮತ್ತೆ ಎರಡು ದಶಕ ಉಳಿಯಿತು.

ಹೊರಗಿನವರ ಕಥೆ ಹೀಗಾದರೆ ಮೂಲನಿವಾಸಿಗಳದು ಇನ್ನೂ ಕಹಿ. ಯುರೋಪಿಯನ್ನರು ಬಂದಿಳಿದಾಗ ಈ ನೆಲದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಆ ಭಾಷೆಗಳ ಜನರನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸಬಾರದೆಂದು ಸಂವಿಧಾನ ಹೇಳುತ್ತಿತ್ತು. 1967ರ ಜನಮತದಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಬೇಕೆಂದ ಮೇಲೆಯೇ ಆ ವಾಕ್ಯ ಅಳಿಸಿತು.

ಬಾಗಿಲನ್ನು ಸಡಿಲಿಸಿದ್ದು ಔದಾರ್ಯಕ್ಕಿಂತ ಹೆಚ್ಚಾಗಿ ಅಗತ್ಯ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಬಾಂಬುಗಳು ಡಾರ್ವಿನ್ ಮೇಲೆ ಬಿದ್ದಾಗ, ಇಷ್ಟು ದೊಡ್ಡ ಖಂಡವನ್ನು ಇಷ್ಟು ಕಡಿಮೆ ಜನ ಕಾಯಲಾರರೆಂಬ ಭಯ ಹುಟ್ಟಿತು. 1945ರಲ್ಲಿ ವಲಸೆ ಖಾತೆಯೇ ಹೊಸದಾಗಿ ಬಂತು. ಆರ್ಥರ್ ಕಾಲ್ವೆಲ್ ಅದರ ಮೊದಲ ಮಂತ್ರಿ. ಬ್ರಿಟಿಷರು ಸಾಲದಾದಾಗ ಬಾಲ್ಟಿಕ್ ದೇಶಗಳ, ಪೋಲೆಂಡಿನ ನಿರಾಶ್ರಿತರು ಬಂದರು. ಇಟಲಿ, ಗ್ರೀಸಿನವರೂ ಬಂದರು. 1949ರಲ್ಲಿ ಆರಂಭವಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯಲ್ಲಿ 30ಕ್ಕೂ ಹೆಚ್ಚು ದೇಶಗಳ ಜನ ದುಡಿದರು. 1958ರಲ್ಲಿ ಉಕ್ತಲೇಖನ ರದ್ದಾಯಿತು. 1966ರಲ್ಲಿ ನಿಯಮಗಳು ಸಡಿಲವಾದವು. 1973ರಲ್ಲಿ ವಿಟ್ಲಮ್ ಸರ್ಕಾರ ವಲಸಿಗರ ಆಯ್ಕೆಯಲ್ಲಿ ಜನಾಂಗ ನೋಡುವುದನ್ನೇ ಕೈಬಿಟ್ಟಿತು. ನಮ್ಮಂಥವರು ಪದವಿಪತ್ರ ಹಿಡಿದು ಬಂದದ್ದು ಆ ದಾರಿಯಲ್ಲೇ.

1947ರಲ್ಲಿ ಇಲ್ಲಿನ ನೂರು ಜನರಲ್ಲಿ ತೊಂಬತ್ತು ಮಂದಿ ಇಲ್ಲೇ ಹುಟ್ಟಿದವರು. 2021ರ ಜನಗಣತಿಯ ಹೊತ್ತಿಗೆ ಶೇ. 27.6ರಷ್ಟು ಜನ ಹೊರದೇಶಗಳಲ್ಲಿ ಹುಟ್ಟಿದವರು. ಹೊರಗೆ ಹುಟ್ಟಿದವರಲ್ಲಿ ಇಂಗ್ಲೆಂಡಿನವರ ನಂತರದ ಸ್ಥಾನ ಭಾರತದವರದು, 6 ಲಕ್ಷ 70 ಸಾವಿರಕ್ಕೂ ಹೆಚ್ಚು.

ಐದು ವರ್ಷಕ್ಕೊಮ್ಮೆ ಬರುವ ಆ ಗಣತಿಯಲ್ಲಿ, ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನೆಯಿದೆ. ಒಬ್ಬರಿಗೆ ಒಂದೇ ಭಾಷೆ. ಎಸ್‌ಬಿಎಸ್ ರೇಡಿಯೋ ಯಾವ ಭಾಷೆಗಳಲ್ಲಿ ಕಾರ್ಯಕ್ರಮ ನೀಡಬೇಕೆಂದು ತೂಗಿನೋಡುವುದೂ ಈ ಅಂಕಿಗಳಿಂದಲೇ. ಭಾಷೆ ಕೇಳಿ ಹಿಂದಕ್ಕಟ್ಟುತ್ತಿದ್ದ ದೇಶ ಈಗ ಲೆಕ್ಕಕ್ಕೆ ಸೇರಿಸಲು ಕೇಳುತ್ತಿದೆ. ಮಕ್ಕಳ ಹೆಸರಿನ ಮುಂದೆ ಕನ್ನಡವೆಂದು ಬರೆಯಲು ನಮ್ಮನ್ನು ಯಾರೂ ತಡೆಯುವುದಿಲ್ಲ. ಹಾಗೆ ಬರೆದದ್ದು ಸುಳ್ಳಾಗದಂತೆ ಮನೆಯಲ್ಲಿ ಅವರೊಡನೆ ಕನ್ನಡದಲ್ಲಿ ಮಾತಾಡಬೇಕಾದವರು ಮಾತ್ರ ನಾವೇ.