ಕಥಾಧಾರಿತ ವಿಡಿಯೋ ಆಟಗಳ ಮೂಲಕ ವಿದ್ಯುತ್ ಬಳಕೆಯ ಅರಿವು

ಪೀಠಿಕೆ

ಆಟಗಾರನು ಕಥೆಯ ಒಂದು ಪಾತ್ರವಾಗಿ ನಿರ್ಧಾರಗಳನ್ನು ಕೈಗೊಂಡು, ಅವುಗಳ ಪರಿಣಾಮವನ್ನು ಕಾಣುತ್ತಾ ಮುಂದುವರಿಯುವ ಆಟಗಳನ್ನು ಕಥಾಧಾರಿತ ವಿಡಿಯೋ ಆಟಗಳೆನ್ನಲಾಗುತ್ತದೆ. ಐರೋಪ್ಯ ಒಕ್ಕೂಟದ ನೆರವಿನಿಂದ ರೂಪುಗೊಂಡ ‘ಎನರ್ಜಿ ಕ್ಯಾಟ್’ ಆಟವನ್ನು ಬ್ರಿಟನ್ನಿನ ಪ್ಲಿಮತ್ ನಗರದ ಸಾಮಾಜಿಕ ವಸತಿ ನಿವಾಸಿಗಳಲ್ಲಿ ಪ್ರಯೋಗಿಸಲಾಗಿತ್ತು. ಅದರಲ್ಲಿ ಆಟಗಾರನು ಮನೆಯ ಬೆಕ್ಕಿನ ಪಾತ್ರ ವಹಿಸಿ ವಿದ್ಯುತ್ ಪೋಲಾಗುವುದನ್ನು ತಡೆಯಬೇಕು. ಕರ್ನಾಟಕ ಸರ್ಕಾರವು ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲಿ ಮೊದಲ ನೀತಿಯನ್ನು ಪ್ರಕಟಿಸಿತು; 2024-29ರ ಅವಧಿಗೆ ಹೊಸ ನೀತಿ ಜಾರಿಯಲ್ಲಿದೆ. ಕನ್ನಡದಲ್ಲಿ ಇಂತಹ ಆಟಗಳನ್ನು ರೂಪಿಸಬಯಸುವವರ ಹಾಗೂ ಶಿಕ್ಷಕರ ತಿಳಿವಳಿಕೆಗಾಗಿ, ಟಿ. ದಾಸರಹಳ್ಳಿಯ ಬಾಡಿಗೆ ಮನೆಯೊಂದನ್ನು ಉದಾಹರಣೆಯಾಗಿಟ್ಟುಕೊಂಡು ಮುಖ್ಯ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ಕಥಾವಸ್ತು

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪವಿರುವ ಟಿ. ದಾಸರಹಳ್ಳಿಯಲ್ಲಿ ಕಾರ್ಖಾನೆ ನೌಕರರ ಕುಟುಂಬಗಳು ಬಾಡಿಗೆ ಮನೆಗಳಲ್ಲಿ ವಾಸವಾಗಿವೆ. ಅಂತಹ ಕುಟುಂಬವೊಂದರ ತಿಂಗಳ ಖರ್ಚನ್ನು ನಿಭಾಯಿಸುವುದೇ ಕಥೆಯಾಗಬಹುದು. ‘ವಿದ್ಯುತ್ ಉಳಿಸಿ’ ಎಂಬ ಉಪದೇಶಕ್ಕಿಂತ, ಉಳಿಸದಿದ್ದರೆ ಮನೆಗೆ ಆಗುವ ನಷ್ಟವು ಪಾಠವನ್ನು ಮನದಟ್ಟು ಮಾಡಿಸುತ್ತದೆ.

2. ಆಟದ ನಿಯಮ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಷರತ್ತುಗಳನ್ನೇ ನಿಯಮವಾಗಿ ಅಳವಡಿಸಬಹುದು. 2022-23ರಲ್ಲಿ ತಿಂಗಳಿಗೆ ಸರಾಸರಿ 90 ಯೂನಿಟ್ ಬಳಸಿದ್ದ ಮನೆಗೆ ಶೇ. 10ರಷ್ಟು ಸೇರಿಸಿ 99 ಯೂನಿಟ್ ಉಚಿತ. ಅದನ್ನು ಮೀರಿ 200 ಯೂನಿಟ್‌ವರೆಗೆ ಬಳಸಿದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ ಪಾವತಿಸಬೇಕು.

3. ನಿಖರವಾದ ಲೆಕ್ಕ

ವಾಟ್ ಅನ್ನು ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ದೊರೆಯುತ್ತದೆ. ಆಟದ ಮೀಟರ್ ಇದೇ ಸೂತ್ರದಂತೆ ಓಡಬೇಕು.

- 2000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 30 ದಿನಗಳಿಗೆ 30 ಯೂನಿಟ್. 20 ನಿಮಿಷ ಉರಿದರೆ 20 ಯೂನಿಟ್.
- 75 ವಾಟ್‌ನ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ 30 ದಿನಗಳಿಗೆ 22.5 ಯೂನಿಟ್, 30 ವಾಟ್‌ನ ಫ್ಯಾನ್ ಆದಲ್ಲಿ 9 ಯೂನಿಟ್.

4. ವಿದ್ಯುತ್ತಿನ ಮೂಲ

ಬಿಲ್ ಶೂನ್ಯವಾದ ಮಾತ್ರಕ್ಕೆ ವಿದ್ಯುತ್ತಿನ ಬೆಲೆ ಶೂನ್ಯವಾಗುವುದಿಲ್ಲ. ಇದನ್ನು ತಿಳಿಸಲು ಕಥೆಯ ಒಂದು ಅಧ್ಯಾಯವು ಮನೆಯಿಂದ ಲಿಂಗನಮಕ್ಕಿ ಜಲಾಶಯಕ್ಕೆ ಸಾಗಬಹುದು. 2023ರಲ್ಲಿ ಮಳೆ ಕೊರತೆಯಿಂದ ರಾಜ್ಯದ ಜಲವಿದ್ಯುತ್ ಉತ್ಪಾದನೆ ಕುಗ್ಗಿ, ವಿದ್ಯುತ್ ಅಭಾವ ಉಂಟಾಗಿತ್ತು. ಪಾವಗಡದ ಸೌರ ವಿದ್ಯುತ್ ಹಗಲಿನಲ್ಲಿ ಮಾತ್ರ ಉತ್ಪಾದನೆಯಾಗುವುದರಿಂದ, ಸಂಜೆಯ ಬೇಡಿಕೆಯನ್ನು ಇತರ ಮೂಲಗಳು ಪೂರೈಸಬೇಕಾಗುತ್ತದೆ.

5. ಎಚ್ಚರಿಕೆಗಳು

ಆಟದ ಪಾತ್ರಗಳು ವಿದ್ಯುತ್ ತಂತಿ ಅಥವಾ ಮೀಟರನ್ನು ತಾವೇ ದುರಸ್ತಿ ಮಾಡುವ ಸನ್ನಿವೇಶಗಳನ್ನು ಕೈಬಿಡತಕ್ಕದ್ದು. ಆಟ ಮುಗಿಸಿದವರು ತಮ್ಮ ಮನೆಯ ಬಿಲ್ಲನ್ನು ಓದಿ ಅರ್ಥೈಸಬಲ್ಲರೇ ಎಂಬುದೇ ಆಟದ ಯಶಸ್ಸಿನ ಅಳತೆ.

ಅರ್ಜಿದಾರರ ಗಮನಕ್ಕೆ

ಗೃಹಜ್ಯೋತಿ ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್ ಮೂಲಕ ಸಲ್ಲಿಸಬೇಕು. ಬಾಡಿಗೆ ಮನೆ ಬದಲಿಸಿದವರು ಹಿಂದಿನ ಸಂಪರ್ಕದೊಂದಿಗಿನ ಆಧಾರ್ ಜೋಡಣೆಯನ್ನು ಅದೇ ಪೋರ್ಟಲ್‌ನಲ್ಲಿ ರದ್ದುಪಡಿಸಿ, ಹೊಸ ಮನೆಯ ಖಾತೆ ಸಂಖ್ಯೆಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಹೆಚ್ಚಿನ ಮಾಹಿತಿಗೆ ಬೆಸ್ಕಾಂ ಸಹಾಯವಾಣಿ 1912ನ್ನು ಸಂಪರ್ಕಿಸಬಹುದು.